ಗ್ರಿಮ್ಸ್‌ಬಿಯ ಎಪ್ಪತ್ತು ಮಂದಿ

ಪ್ರಶ್ನೆ: ‘ತ್ರೀ ಸ್ಕೋರ್ ಅಂಡ್ ಟೆನ್’ ಎಂಬ ಇಂಗ್ಲಿಷ್ ಜನಪದ ಗೀತೆಯಲ್ಲಿ ಕಡಲುಪಾಲಾದ ಮೀನುಗಾರರ ಕಥೆ ನಿಜವಾಗಿ ನಡೆದದ್ದೇ?

ಉತ್ತರ: ನಡೆದದ್ದೇ. 1889ರ ಫೆಬ್ರುವರಿ 8 ಮತ್ತು 9ರಂದು ಉತ್ತರ ಸಮುದ್ರದಲ್ಲಿ ಎದ್ದ ಬಿರುಗಾಳಿಗೆ ಸಿಕ್ಕಿ ಇಂಗ್ಲೆಂಡಿನ ಗ್ರಿಮ್ಸ್‌ಬಿ, ಹಲ್ ಬಂದರುಗಳ ಹಲವು ದೋಣಿಗಳು ಮರಳಿ ದಡ ಸೇರಲಿಲ್ಲ. ಮಡಿದವರ ಹೆಂಡಿರು ಮಕ್ಕಳಿಗೆ ನೆರವಾಗಲೆಂದು ಗ್ರಿಮ್ಸ್‌ಬಿಯ ಮೀನುಗಾರ ವಿಲಿಯಂ ಡೆಲ್ಫ್ ಬರೆದು, ಬಿಡಿ ಹಾಳೆಯಲ್ಲಿ ಅಚ್ಚು ಹಾಕಿಸಿದ ಪದ್ಯವೇ ಬಾಯಿಂದ ಬಾಯಿಗೆ ಸಾಗುತ್ತ, ರಾಗವನ್ನೂ ಪಲ್ಲವಿಯನ್ನೂ ಪಡೆದು ಜನಪದ ಗೀತೆಯಾಯಿತು. ‘ಸ್ಕೋರ್’ ಎಂದರೆ ಇಪ್ಪತ್ತು. ಮೂರು ಇಪ್ಪತ್ತರ ಮೇಲೆ ಹತ್ತು, ಹಾಗಾಗಿ ಶೀರ್ಷಿಕೆಯ ಅರ್ಥ ಎಪ್ಪತ್ತು. ಹಾಡುವವರು ಆಮೇಲೆ ಸೇರಿಸಿದ ಕೊನೆಯ ನುಡಿ ಮಾತ್ರ ದುರಂತವನ್ನು ಅಕ್ಟೋಬರ್ ತಿಂಗಳಿಗೆ ಒಯ್ಯುತ್ತದೆ. ಇದನ್ನು ಬರಿಯ ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. 1881ರ ಅಕ್ಟೋಬರ್ 14ರಂದು ಸ್ಕಾಟ್ಲೆಂಡಿನ ಐಮೌತ್ ಮತ್ತು ನೆರೆಯ ಊರುಗಳ 189 ಮೀನುಗಾರರನ್ನು ನುಂಗಿದ್ದೂ ಅದೇ ಕಡಲು.