ಯೆಸ್ ಮೇಡಂ ಎಂದರೆ ತಿಳಿಯಿತು ಎಂದಲ್ಲ

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬರುವ ಜನವರಿಯಲ್ಲಿ ತಾಂಜಾನಿಯಾದ ಮೋಶಿ ಹತ್ತಿರ ಒಂದು ಹೆಣ್ಣುಮಕ್ಕಳ ವಸತಿ ಶಾಲೆಗೆ ಫಿಸಿಕ್ಸ್ ಕಲಿಸಲು ಹೊರಟಿದ್ದೀಯ. ಒಬ್ಬಳೇ ಇರಬಹುದಾ, ಮಾಂಸ ತಿನ್ನದವಳಿಗೆ ಊಟ ಸಿಗುತ್ತದಾ, ಹುಡುಗಿಯರು ಮಾತು ಕೇಳುತ್ತಾರಾ, ಏನೇನು ತರಬೇಕು ಎಂದು ಕೇಳಿದ್ದೀಯ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ಮೊದಲ ತಿಂಗಳಲ್ಲೇ ವಾಪಸ್ ಹೋಗಬೇಕು ಅನ್ನಿಸಿದರೆ ಏನು ಮಾಡಲಿ?" ಎಂದೂ ಬರೆದಿದ್ದೀಯ.

ನಾನು ಇಲ್ಲಿಗೆ ಬಂದು 14 ವರ್ಷವಾಯಿತು. ಬಂದಿದ್ದು ನಿನ್ನ ಹಾಗೆಯೇ, ಜನವರಿಯಲ್ಲಿ, ಇದೇ ಕಿಲಿಮಂಜಾರೊ ಬೆಟ್ಟದ ಬುಡಕ್ಕೆ. ಉಳಿದದ್ದೆಲ್ಲ ಆಮೇಲೆ ಹೇಳುತ್ತೇನೆ. ಹುಡುಗಿಯರು ಮಾತು ಕೇಳುತ್ತಾರಾ ಅನ್ನುವುದರಿಂದ ಶುರು ಮಾಡುತ್ತೇನೆ.

ಕೇಳುತ್ತಾರೆ. ಅತಿಯಾಗಿ ಕೇಳುತ್ತಾರೆ. ಕಷ್ಟ ಇರುವುದೇ ಅಲ್ಲಿ.

ನೀನು ಫಾರ್ಮ್ ಒನ್, ಅಂದರೆ ಹೈಸ್ಕೂಲಿನ ಮೊದಲ ವರ್ಷದ, ಕ್ಲಾಸಿಗೆ ಕಾಲಿಟ್ಟ ಕೂಡಲೇ ನಲವತ್ತೋ ಐವತ್ತೋ ಹುಡುಗಿಯರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಒಂದೇ ದನಿಯಲ್ಲಿ "ಗುಡ್ ಮಾರ್ನಿಂಗ್ ಮೇಡಂ". ಎಲ್ಲರ ತಲೆಗೂದಲು ಹುಡುಗರ ಹಾಗೆ ಗಿಡ್ಡ, ಎಲ್ಲರದೂ ಒಂದೇ ಬಣ್ಣದ ಸ್ವೆಟರ್. ಮುಖಗಳ ಗುರುತು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ನಾನು ಬೆಳಕಿನ ಪ್ರತಿಫಲನ ಪಾಠ ಮಾಡಿದೆ. ಬೋರ್ಡಿನ ಮೇಲೆ ಕನ್ನಡಿ ಬರೆದೆ, ಕಿರಣ ಬರೆದೆ, ಕೋನ ಬರೆದೆ. "ಅರ್ಥವಾಯಿತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಯೆಸ್ ಮೇಡಂ" ಎಂದು ಇಡೀ ಕ್ಲಾಸು ಹೇಳಿತು. ಎಂಥ ಒಳ್ಳೆಯ ಮಕ್ಕಳು ಅಂದುಕೊಂಡೆ. ಹತ್ತು ದಿನ ಬಿಟ್ಟು ಒಂದು ಸಣ್ಣ ಟೆಸ್ಟ್ ಕೊಟ್ಟೆ. ಮುಕ್ಕಾಲು ಪಾಲು ಹಾಳೆಗಳಲ್ಲಿ ಪ್ರಶ್ನೆಯನ್ನೇ ಮುತ್ತಿನಂಥ ಅಕ್ಷರದಲ್ಲಿ ತಿರುಗಿ ಬರೆದಿದ್ದರು. ಉತ್ತರ ಇರಲಿಲ್ಲ. ಅವರ ನೋಟ್ಸ್ ತರಿಸಿ ನೋಡಿದರೆ, ನಾನು ಬೋರ್ಡಿನಲ್ಲಿ ತಪ್ಪಾಗಿ ಬರೆದು ಹೊಡೆದುಹಾಕಿದ್ದ ಸಾಲನ್ನೂ ಹಾಗೇ ಬರೆದು ಹೊಡೆದುಹಾಕಿದ್ದರು.

ಇದಕ್ಕೆ ಕಾರಣವಿದೆ. ಇಲ್ಲಿ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪಾಠವೆಲ್ಲ ಈ ದೇಶದ ಭಾಷೆಯಾದ ಸ್ವಾಹಿಲಿಯಲ್ಲಿ. ಇಂಗ್ಲಿಷ್ ಒಂದು ವಿಷಯ ಮಾತ್ರ. ಫಾರ್ಮ್ ಒನ್‌ಗೆ ಬಂದ ದಿನದಿಂದ ಎಲ್ಲವೂ ಇಂಗ್ಲಿಷ್. ಗಣಿತ, ಜೀವಶಾಸ್ತ್ರ, ಭೂಗೋಳ, ಪರೀಕ್ಷೆ, ಎಲ್ಲ. ಡಿಸೆಂಬರ್ ತನಕ ಒಂದು ಭಾಷೆಯಲ್ಲಿ ಯೋಚನೆ ಮಾಡುತ್ತಿದ್ದ ಹದಿಮೂರು ವರ್ಷದ ಹುಡುಗಿ ಜನವರಿಯಲ್ಲಿ ಇನ್ನೊಂದು ಭಾಷೆಯಲ್ಲಿ ಕೂತಿರುತ್ತಾಳೆ. ಕೆಲವು ಶಾಲೆಗಳಲ್ಲಿ ಮೊದಲ ಕೆಲವು ವಾರ ಬರೀ ಇಂಗ್ಲಿಷ್ ಹೇಳಿಕೊಡುತ್ತಾರೆ. ಅಷ್ಟರಿಂದ ತುಂಬುವ ಹಳ್ಳ ಅಲ್ಲ ಅದು. ಇಂಗ್ಲಿಷ್ ಮೀಡಿಯಂ ಖಾಸಗಿ ಪ್ರೈಮರಿಯಲ್ಲಿ ಓದಿ ಬಂದ ಐದಾರು ಮಂದಿ ಮುಂದಿನ ಬೆಂಚಿನಲ್ಲಿ ಕೈ ಎತ್ತುತ್ತಿರುತ್ತಾರೆ. ಅವರನ್ನು ನೋಡಿ ಇಡೀ ಕ್ಲಾಸಿಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ.

ಆ ಟೆಸ್ಟ್ ಹಾಳೆಗಳನ್ನು ಇಟ್ಟುಕೊಂಡು ಆ ರಾತ್ರಿ ತುಂಬಾ ಹೊತ್ತು ಕೂತಿದ್ದೆ. ನಾನು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡೆ. ಮೊದಲ ದಿನ ಲೆಕ್ಚರರು ವೆಲಾಸಿಟಿ, ಆಕ್ಸಲರೇಶನ್ ಎಂದು ಶುರು ಮಾಡಿದರು. ವೇಗ, ವೇಗೋತ್ಕರ್ಷ ಎಂದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯೇ ಅದು ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಆ ತಿಂಗಳಿಡೀ ನಾನೂ "ಯೆಸ್ ಸರ್" ಎಂದಿದ್ದೆ. ನೀನೂ ಕನ್ನಡ ಮೀಡಿಯಂ ಎಂದು ಬರೆದಿದ್ದೀಯ, ಅಲ್ವಾ? ಹಾಗಿದ್ದರೆ ಈ ಮಕ್ಕಳ ಮೌನವನ್ನು ಓದಲು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಲಂಡನ್ನಿನಿಂದ ಬಂದ ಟೀಚರಿಗೆ ಇದು ಗೊತ್ತಾಗುವುದು ಕಷ್ಟ. ನಿನಗೆ ಗೊತ್ತು. ಅದನ್ನು ಮೊದಲ ದಿನವೇ ಬಳಸು. ನಾನು ಎರಡು ವಾರ ಕಳೆದುಕೊಂಡೆ.

ಮರುದಿನ ಕ್ಲಾಸಿಗೆ ಹೋಗಿ, ಇಂಗ್ಲಿಷ್ ಟೀಚರಿಂದ ಕಲಿತುಕೊಂಡಿದ್ದ ಒಂದು ಪದ ಬೋರ್ಡಿನ ಮೇಲೆ ಬರೆದೆ. "ಸಿಜಾಯೆಲೇವಾ." ನನಗೆ ಅರ್ಥವಾಗಿಲ್ಲ ಎಂದು. ಈ ಪದ ಹೇಳಿದವರಿಗೆ ಈ ಕ್ಲಾಸಿನಲ್ಲಿ ಶಿಕ್ಷೆ ಇಲ್ಲ ಎಂದೆ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಾನೇ ಸ್ವಾಹಿಲಿಯಲ್ಲಿ ಒಂದು ವಾಕ್ಯ ಹೇಳಲು ಹೋದೆ. ಬೆಳಕು ಎನ್ನಲು "ಮ್ವಾಂಗಾ", ಕನ್ನಡಿ ಎನ್ನಲು "ಕಿಯೋ" ಎಂದು ಓದಿಕೊಂಡಿದ್ದೆ, ಆದರೆ ಎರಡನ್ನೂ ಜೋಡಿಸಲು ಬರಲಿಲ್ಲ. "ಸಿಜಾಯೆಲೇವಾ, ಹೇಳಿಕೊಡಿ" ಎಂದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ವಾಕ್ಯ ತಿದ್ದಿದಳು. ತಿದ್ದಿದ ಮೇಲೆ ಕೂರಲಿಲ್ಲ. ಬೆಳಕು ಕನ್ನಡಿಗೆ ಬಡಿದು ಹೇಗೆ ವಾಪಸ್ ಬರುತ್ತದೆ ಎಂದು ಅವಳ ಭಾಷೆಯಲ್ಲಿ ಇಡೀ ಕ್ಲಾಸಿಗೆ ಹೇಳಿದಳು. ನನಗೆ ತಿಳಿದದ್ದು ನಾಲ್ಕೈದು ಪದ ಮಾತ್ರ. ಆದರೆ ಅವಳ ಕೈ ಹೋದ ದಿಕ್ಕು ಸರಿಯಾಗಿತ್ತು. ಅವಳ ಟೆಸ್ಟ್ ಹಾಳೆ ಖಾಲಿ ಇತ್ತು, ನೆನಪಿಡು.

ಕೆಲವು ಶಾಲೆಗಳಲ್ಲಿ ಸ್ವಾಹಿಲಿ ಮಾತಾಡಿದರೆ ಶಿಕ್ಷೆ ಎಂಬ ನಿಯಮವಿದೆ. ನಿನ್ನ ಶಾಲೆಯಲ್ಲೂ ಇರಬಹುದು. ಬಂದ ವಾರವೇ ಅದರ ವಿರುದ್ಧ ಜಗಳಕ್ಕೆ ನಿಲ್ಲಬೇಡ. ಹೊಸ ಪದಗಳ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಗೋಡೆಗೆ ಹಚ್ಚು, ನಿಧಾನವಾಗಿ ಮಾತಾಡು, ಹುಡುಗಿಯರನ್ನು ಮೂರು ಮೂರು ಮಂದಿ ಕೂರಿಸಿ ಪರಸ್ಪರ ಹೇಳಿಕೊಳ್ಳಲು ಬಿಡು. ಫಾರ್ಮ್ ಟೂ ಕೊನೆಯಲ್ಲಿ, ಮತ್ತೆ ಫಾರ್ಮ್ ಫೋರ್ ಕೊನೆಯಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಇರುತ್ತದೆ. ಅದು ಇಂಗ್ಲಿಷಿನಲ್ಲೇ. ಇಂಗ್ಲಿಷಿಗೆ ಅವರನ್ನು ಕರೆದುಕೊಂಡು ಹೋಗಲೇಬೇಕು. ಆದರೆ ಕೈ ಹಿಡಿದು.

ಬೆತ್ತದ ವಿಷಯ ಮುಚ್ಚಿಡುವುದಿಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಇಲ್ಲಿ ಕಾನೂನು ಒಪ್ಪುತ್ತದೆ. ಮುಖ್ಯಸ್ಥರ ಅನುಮತಿ ಬೇಕು, ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮಗಳಿವೆ. ಅವು ಎಲ್ಲ ಕಡೆ ನಡೆಯುವುದಿಲ್ಲ. ಮೊದಲ ವಾರದಲ್ಲೇ ಸ್ಟಾಫ್ ರೂಮಿನ ಹೊರಗೆ ಹುಡುಗಿಯರು ಸಾಲಾಗಿ ಮಂಡಿಯೂರಿ ಕೂತಿದ್ದನ್ನು ನೋಡಿದೆ. ನನ್ನ ಕೈ ನಡುಗಿತು. ನನ್ನ ಕ್ಲಾಸಿನವರನ್ನು ಯಾರ ಹತ್ತಿರವೂ ಶಿಕ್ಷೆಗೆ ಕಳಿಸುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಹತ್ತಿರ ಮೆಲ್ಲಗೆ, ಒಬ್ಬಳೇ ಹೋಗಿ ಹೇಳಿಕೊಂಡೆ. ಅವರು ಒಪ್ಪಿದರು. ಎಲ್ಲರ ಮುಂದೆ ಹೇಳಿದ್ದರೆ ಒಪ್ಪುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಇನ್ನು ಜನರೊಡನೆ ಇರುವ ರೀತಿ. ನಿನಗಿಂತ ಹಿರಿಯರು ಯಾರೇ ಸಿಕ್ಕಲಿ, ಅಡುಗೆಯವರಾಗಲಿ, ವಾಚ್‌ಮನ್ ಆಗಲಿ, ಮೊದಲು "ಶಿಕಮೋ" ಎನ್ನಬೇಕು. ಅವರು "ಮರಹಬಾ" ಎನ್ನುತ್ತಾರೆ. ಹುಡುಗಿಯರು ನಿನಗೆ ಶಿಕಮೋ ಎನ್ನುತ್ತಾರೆ, ಸ್ವಲ್ಪ ಮಂಡಿ ಬಗ್ಗಿಸಿ. ಆಗ ಮರಹಬಾ ಎನ್ನುವುದು ನಿನ್ನ ಪಾಲು. ನಾನು ಮೊದಲ ವಾರ ಅಡುಗೆಮನೆಯ ಹಿರಿಯ ಹೆಂಗಸಿಗೆ ನಗುತ್ತಾ ಹಲೋ ಹೇಳಿ ಹೋಗುತ್ತಿದ್ದೆ. ಅವರು ನೊಂದುಕೊಂಡಿದ್ದರು ಎಂದು ಮೇಟ್ರನ್ ಹೇಳಿದ ಮೇಲೆ ಗೊತ್ತಾಯಿತು. ನಮ್ಮ ಊರಲ್ಲಿ ಅಜ್ಜಿಯ ಮುಂದೆ ಹಾಗೆ ಹಾದುಹೋಗುತ್ತೇವಾ? ಇಲ್ಲ ತಾನೇ. ಕೆಲಸದ ಮಾತಿಗೆ ಮುಂಚೆ "ಹಬಾರಿ" ಎಂದು ಯೋಗಕ್ಷೇಮ ಕೇಳಬೇಕು. ಆ ಪದದಲ್ಲಿ ನಮ್ಮ ಉತ್ತರ ಕರ್ನಾಟಕದ ಖಬರು ಕೇಳಿಸುತ್ತದೆ. ಸಬುನಿ ಎಂದರೆ ಸಾಬೂನು, ದುನಿಯಾ ಎಂದರೆ ದುನಿಯಾ, ಪೇಸಾ ಎಂದರೆ ದುಡ್ಡು, ಹೆಸಾಬು ಎಂದರೆ ಗಣಿತ. ಹಿಂದೂ ಮಹಾಸಾಗರದಲ್ಲಿ ನೂರಾರು ವರ್ಷ ಹಡಗು ಓಡಾಡಿದ ಗುರುತು ಇದು. ಒಂದೊಂದು ಪದ ಸಿಕ್ಕಾಗಲೂ ಮನೆಯವರು ಸಿಕ್ಕಷ್ಟು ಖುಷಿಯಾಗುತ್ತಿತ್ತು ನನಗೆ.

ಮತ್ತೊಂದು ಪದ "ಪೋಲೆ". ನೀನು ಎಡವಿದರೆ, ಕೆಮ್ಮಿದರೆ, ಭಾರ ಹೊತ್ತು ಬಂದರೆ, ಎಲ್ಲರೂ ಪೋಲೆ ಎನ್ನುತ್ತಾರೆ. ಕ್ಷಮೆ ಕೇಳುವುದಲ್ಲ ಅದು. ನಾವು ಅಯ್ಯೋ ಪಾಪ ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಯಾರ ಮನೆಗೆ ಹೋದರೂ ಹೊರಗೆ ನಿಂತು "ಹೋಡಿ" ಎಂದು ಕೂಗು. ಒಳಗಿಂದ "ಕರಿಬು" ಬಂದ ಮೇಲೆ ಒಳಗೆ ಹೋಗು. ಟೀಚರನ್ನು "ಮ್ವಾಲಿಮು" ಎನ್ನುತ್ತಾರೆ. ಈ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರನ್ನು ಜನ ಇವತ್ತಿಗೂ ಕರೆಯುವುದು ಮ್ವಾಲಿಮು ಎಂದೇ. ರಾಜಕೀಯಕ್ಕೆ ಬರುವ ಮುಂಚೆ ಅವರು ಶಾಲೆಯ ಮೇಷ್ಟ್ರು. ಆ ಪದಕ್ಕೆ ಇಲ್ಲಿ ತೂಕ ಜಾಸ್ತಿ.

ಗಡಿಯಾರದ ಲೆಕ್ಕ ಬೇರೆ, ಇದನ್ನು ಬಂದ ದಿನವೇ ಕಲಿ. ಸ್ವಾಹಿಲಿಯಲ್ಲಿ ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು. ಬೆಳಗ್ಗೆ ಏಳು ಗಂಟೆ ಎಂದರೆ "ಸಾ ಮೋಜಾ", ಅಂದರೆ ಒಂದನೇ ಗಂಟೆ. ನಮ್ಮ ಗಡಿಯಾರಕ್ಕೂ ಅವರ ಮಾತಿಗೂ ಆರು ಗಂಟೆ ಅಂತರ. ಪೇಟೆಗೆ ಹೋಗುವ ಗಾಡಿ ಶನಿವಾರ "ಸಾ ತಾತು"ಗೆ, ಮೂರಕ್ಕೆ, ಎಂದು ವಾಚ್‌ಮನ್ ಹೇಳಿದ್ದರು. ಮಧ್ಯಾಹ್ನ ಮೂರಕ್ಕೆ ಚೀಲ ಹಿಡಿದು ಗೇಟಿನ ಹತ್ತಿರ ನಿಂತೆ. ಗಾಡಿ ಬೆಳಗ್ಗೆ ಒಂಬತ್ತಕ್ಕೇ ಹೋಗಿತ್ತು. ಆ ವಾರ ಅಕ್ಕಿ, ಬೇಳೆ ಏನೂ ಇರಲಿಲ್ಲ. ಪಕ್ಕದ ಮನೆಯ ಟೀಚರು ಅವರ ಹುಡುಗಿಯ ಕೈಯಲ್ಲಿ ಬಾಳೆಕಾಯಿ ಬೇಯಿಸಿ ಕಳಿಸಿದರು.

ಊಟಕ್ಕೆ ಭಯ ಬೇಡ. ಹಾಸ್ಟೆಲಿನಲ್ಲಿ ಬೆಳಗ್ಗೆ ಉಜಿ, ಮೆಕ್ಕೆಜೋಳದ ಹಿಟ್ಟಿನ ಗಂಜಿ. ಮಧ್ಯಾಹ್ನ ಮಕಾಂದೆ, ಮೆಕ್ಕೆಜೋಳ ಮತ್ತು ಬೀನ್ಸ್ ಕಾಳು ಒಟ್ಟಿಗೆ ಬೇಯಿಸಿದ್ದು. ರಾತ್ರಿ ಉಗಾಲಿ ಮತ್ತು ಬೀನ್ಸ್. ಉಗಾಲಿಯನ್ನು ಬಿಳಿ ಮುದ್ದೆ ಅಂದುಕೊಂಡು ಕೂತರೆ ಬೇಗ ಒಗ್ಗುತ್ತದೆ, ಕೈಯಲ್ಲೇ ತಿನ್ನುತ್ತಾರೆ. ಮ್‌ಚಿಚಾ ಎಂದರೆ ನಮ್ಮ ಹರಿವೆ ಸೊಪ್ಪು. ಈ ತಪ್ಪಲಿನ ಬಾಳೆ, ಅವಕಾಡೊ, ಕಾಫಿ ಬಗ್ಗೆ ಬಂದ ಮೇಲೆ ನೀನೇ ನನಗೆ ಬರೆಯುತ್ತೀಯ. "ಸೀಲಿ ನ್ಯಾಮಾ", ನಾನು ಮಾಂಸ ತಿನ್ನುವುದಿಲ್ಲ, ಎಂದು ಹೇಳು. "ಮ್‌ಬೋಗಾ" ಎಂದು ಕೇಳಿ ಸುಮ್ಮನಾಗಬೇಡ. ಆ ಪದಕ್ಕೆ ತರಕಾರಿ ಎಂಬ ಅರ್ಥವೂ ಇದೆ, ಉಗಾಲಿಗೆ ನೆಂಚಿಕೊಳ್ಳುವ ಏನೇ ಆದರೂ ಮ್‌ಬೋಗಾನೇ. ಬೇಳೆ, ಸಾಸಿವೆ, ಅರಿಶಿನ ಮೋಶಿ ಪೇಟೆಯಲ್ಲಿ ಭಾರತೀಯ ಮೂಲದವರ ಅಂಗಡಿಯಲ್ಲಿ ಸಿಗುತ್ತವೆ.

ಒಬ್ಬಳೇ ಇರುವ ವಿಷಯ. ಶಾಲೆಯ ಆವರಣದೊಳಗೆ ಮನೆ ಕೊಡುತ್ತಾರೆ, ರಾತ್ರಿ ಕಾವಲು ಇರುತ್ತದೆ. ಕತ್ತಲಾದ ಮೇಲೆ ಒಬ್ಬಳೇ ರಸ್ತೆಯಲ್ಲಿ ಓಡಾಡಬೇಡ. ಇಷ್ಟು ಎಚ್ಚರ ನಮ್ಮ ಊರಲ್ಲೂ ಬೇಕು. ಸೊಳ್ಳೆ ಪರದೆ ಒಂದು ರಾತ್ರಿಯೂ ಬಿಡಬೇಡ. ಜ್ವರ ಬಂದರೆ ಕ್ರೋಸಿನ್ ನುಂಗಿ ಮಲಗಬೇಡ, ಅದೇ ದಿನ ಮಲೇರಿಯಾ ಟೆಸ್ಟ್ ಮಾಡಿಸು.

ಜನವರಿಯಲ್ಲಿ ಕೆಲವು ಮಂಚಗಳು ಖಾಲಿ ಕಾಣುತ್ತವೆ. "ಅದಾ" ಕಟ್ಟಿಲ್ಲ, ಅಂದರೆ ಫೀಸು. 2016ರಿಂದ ಸರ್ಕಾರಿ ಶಾಲೆಗಳಲ್ಲಿ ಫಾರ್ಮ್ ಫೋರ್ ತನಕ ಫೀಸು ಇಲ್ಲ, ಆದರೆ ನಮ್ಮಂಥವರನ್ನು ಕರೆಸುವುದು ಹೆಚ್ಚಾಗಿ ಖಾಸಗಿ, ಮಿಷನ್ ಶಾಲೆಗಳು. ಫೆಬ್ರವರಿ ತನಕ ಒಬ್ಬೊಬ್ಬರೇ ಟ್ರಂಕು ಹೊತ್ತು ಬರುತ್ತಾರೆ. ತಡವಾಗಿ ಬಂದವಳನ್ನು ಯಾಕೆ ಎಂದು ಎಲ್ಲರ ಮುಂದೆ ಕೇಳಬೇಡ. ಹೋದ ಪಾಠ ಸಂಜೆ ಹೇಳಿಕೊಡು. ಗರ್ಭಿಣಿಯಾದ ಹುಡುಗಿಯರನ್ನು ಶಾಲೆಯಿಂದ ತೆಗೆದುಹಾಕುವುದು ಇಲ್ಲಿ ವರ್ಷಗಟ್ಟಲೆ ನಡೆದಿತ್ತು. 2021ರ ನವೆಂಬರಿನಲ್ಲಿ ಸರ್ಕಾರ, ಹೆರಿಗೆಯಾದ ಮೇಲೆ ಅವರು ವಾಪಸ್ ಓದಬಹುದು ಎಂದಿತು. ಇಂಥ ಭಯಗಳನ್ನೆಲ್ಲ ಹೊತ್ತ ಮಕ್ಕಳು ಒಬ್ಬ ಹೆಣ್ಣು ಟೀಚರನ್ನು ಹುಡುಕಿಕೊಂಡು ಬರುತ್ತಾರೆ. ನಿನ್ನ ಮೇಜಿನ ಡ್ರಾಯರಿನಲ್ಲಿ ಪ್ಯಾಡಿನ ಪ್ಯಾಕೆಟ್ ಯಾವಾಗಲೂ ಇರಲಿ. ಕೇಳಲು ಬಂದವಳು ಅದನ್ನಷ್ಟೇ ಕೇಳಿ ಹೋಗುವುದಿಲ್ಲ, ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆ ಹೊತ್ತು ಅವಳಿಗೆ ಕೊಡು.

ಕಾಗದಪತ್ರ. ಪ್ರವಾಸಿ ವೀಸಾದಲ್ಲಿ ಬಂದು ಪಾಠ ಮಾಡುವಂತಿಲ್ಲ. ಕೆಲಸದ ಪರವಾನಗಿ ಬೇರೆ, ವಾಸದ ಪರವಾನಗಿ ಬೇರೆ. ಬಂದ ಮೇಲೆ ನೋಡೋಣ ಎಂದು ಶಾಲೆಯವರು ಹೇಳಿದರೆ ಒಪ್ಪಬೇಡ. ನನಗೆ ಹಾಗೆ ಹೇಳಿದ್ದರು. ಎರಡು ತಿಂಗಳು ಸಂಬಳವಿಲ್ಲದೆ ಕಳೆದೆ.

ವಾಪಸ್ ಹೋಗಬೇಕು ಅನ್ನಿಸುತ್ತದೆ, ತಂಗಿ. ನನಗೆ ಅನ್ನಿಸಿದ್ದು ಮೂರನೇ ಭಾನುವಾರ. ಸುಮ್ನೆ ಅಳು ಬಂತು, ಕಾರಣ ಇಲ್ಲದೆ. ಬೆಳಗ್ಗೆ ಬೇಗ ಎದ್ದು ಹೊರಗೆ ಕೂತಿದ್ದೆ. ಹಗಲು ಹೆಚ್ಚಾಗಿ ಮೋಡದ ಹಿಂದೆ ಇರುವ ಕಿಲಿಮಂಜಾರೊ ನಸುಕಿನಲ್ಲಿ ಪೂರ್ತಿ ಕಾಣುತ್ತದೆ, 5,895 ಮೀಟರ್, ನೆತ್ತಿಯಲ್ಲಿ ಹಿಮ. ಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದ ಇಬ್ಬರು ಹುಡುಗಿಯರು ನನ್ನ ಮುಖ ನೋಡಿದರು. "ಪೋಲೆ ಮೇಡಂ" ಎಂದರು. ಏನಾಯಿತು ಎಂದು ಕೇಳಲಿಲ್ಲ. ನನ್ನ ಮನೆಯ ಮುಂದೆಯೂ ಗುಡಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವರೂ ಮನೆ ಬಿಟ್ಟು ಬಂದು ಮೂರೇ ವಾರವಾಗಿತ್ತು.

ತರಬೇಕಾದದ್ದು ಕಡಿಮೆ. ಗಟ್ಟಿ ಚಪ್ಪಲಿ, ಜೂನ್ ಜುಲೈ ಚಳಿಗೆ ಒಂದು ಸ್ವೆಟರ್, ಟಾರ್ಚ್, ಮಂಡಿ ಮುಚ್ಚುವ ಬಟ್ಟೆ. ಇಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ಅಡಾಪ್ಟರ್ ಬೇಕು. ಪ್ಲಾಸ್ಟಿಕ್ ಕೈಚೀಲ 2019ರಿಂದ ನಿಷೇಧ, ಎಲ್ಲವನ್ನೂ ಬಟ್ಟೆ ಚೀಲದಲ್ಲಿ ಕಟ್ಟು. ಎರಡು ಮೂರು ಸಣ್ಣ ಕನ್ನಡಿ, ಒಂದು ಲೆನ್ಸ್, ಆಯಸ್ಕಾಂತ ತಂದರೆ ಲ್ಯಾಬಿನಲ್ಲಿ ಇಲ್ಲದ್ದಕ್ಕೆ ಆಗುತ್ತದೆ. ಶೇಂಗಾ ಚಟ್ನಿಪುಡಿ ತರುವುದಾದರೆ ಎರಡು ಡಬ್ಬಿ ತಾ. ಒಂದು ನನಗೆ. ನೀನು ಬಂದ ಮೊದಲ ಶನಿವಾರ ಮೋಶಿ ಪೇಟೆಯಲ್ಲಿ ಸಿಗುತ್ತೇನೆ, ಬೆಳಗ್ಗೆ ಹತ್ತಕ್ಕೆ. ಅಲ್ಲಿ ಯಾರಾದರೂ ಕೇಳಿದರೆ "ಸಾ ನ್ನೆ" ಎನ್ನು.