ಉದ್ರಿ ಪುಸ್ತಕ

ಅವರನ್ನು ಮಾಸ್ಟರ್ ಅಂತಲೇ ಕರೆಯೋಣ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್, ವಯಸ್ಸು 52. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಏಪ್ರಿಲ್ ಕೊನೆಯ ವಾರ ಹೆಂಡತಿ ಜೊತೆ ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ಹೆಂಡತಿ ಎಳೆದು ತಂದರು ಅನ್ನೋದೇ ಸರಿ. "ಮೂರು ವಾರ ಆತು ಮೇಡಂ, ಮುಖ ಗಂಟು ಹಾಕ್ಕಂಡೇ ಇರ್ತಾರೆ. ಸಾರಿಗೆ ಉಪ್ಪು ಕಮ್ಮಿ ಅಂತ ತಾಟು ಸರಿಸಿ ಎದ್ದು ಹೋಗ್ತಾರೆ. ಯಾಕ್ರೀ ಅಂದ್ರೆ ಮೈಮೇಲೆ ಬರ್ತಾರೆ" ಅಂದರು ಆಕೆ. ಮಾಸ್ಟರ್ ನನ್ನ ಕಡೆ ನೋಡಲೇ ಇಲ್ಲ. ಮೇಜಿನ ಮೇಲಿದ್ದ ನನ್ನ ಬ್ಯಾಗನ್ನೇ ನೋಡುತ್ತಾ, "ನನಗೇನೂ ಆಗಿಲ್ಲ. ಇಕಿ ನನ್ನ ಹುಚ್ಚಾಸ್ಪತ್ರೆಗೆ ಕರ್ಕಂಡು ಬಂದಾಳೆ" ಅಂದರು.

ಈ ಮಾತು ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುತ್ತೆ. ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕಾಗಿಲ್ಲ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ನೋಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು ಬಿತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. "ಜೀನ್ಸ್ ಒಂದೇ ಅಲ್ಲ ಮಾಸ್ಟರ್, ಇದೂ ಬಳ್ಳಾರಿಯಿಂದ ಹೊರಗೆ ಹೋದ ಮಾಲು" ಅಂದೆ. ಮೀಸೆಯಡಿ ಏನೋ ಅಲುಗಾಡಿತು. ನಗು ಅನ್ನುವಷ್ಟಲ್ಲ.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ನಿದ್ದೆ ಬರುತ್ತಿತ್ತು. ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಮೊಮ್ಮಗಳ ಜೊತೆ ಆಡುವಾಗ ಮೊದಲಿನಂತೆಯೇ ಇರುತ್ತಾರಂತೆ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಅಂತ ಜನ ಹೆದರುತ್ತಾರೆ, ಅದು ತಪ್ಪು. "ಛೆ, ಇಲ್ಲ" ಅಂದರು. ಹಾಗಾಗಿ ಇದು ಖಿನ್ನತೆ ಅಂತ ನನಗೆ ಅನ್ನಿಸಲಿಲ್ಲ. ಕೆಟ್ಟ ಮೂಡು. ಆದರೆ ದಿನ ಕಳೆದಂತೆ ಹಳಸುತ್ತಾ ಹೋಗುತ್ತಿದ್ದ ಮೂಡು.

ಕಾರಣ ನಿಧಾನಕ್ಕೆ ಹೊರಗೆ ಬಂತು. ಪ್ಯಾಟರ್ನ್ ಮೇಲೆ 38 ಅಂತ ಬರೆದಿದ್ದನ್ನು 36 ಅಂತ ಓದಿ, ಹಾಸಿದ್ದ ಬಟ್ಟೆಯಷ್ಟನ್ನೂ ಕತ್ತರಿಸಿಬಿಟ್ಟಿದ್ದರು. ಚಿಕ್ಕದಾಗಿ ಕತ್ತರಿಸಿದ ಬಟ್ಟೆಯನ್ನು ದೊಡ್ಡದು ಮಾಡೋಕೆ ಆಗಲ್ಲವಲ್ಲ. ಮಾಲೀಕರು ಹುಡುಗರ ಮುಂದೆಯೇ ಕೂಗಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಸಂಜೆ ಅವರೇ ಬಂದು, "ಹೋಗ್ಲಿ ಬಿಡ್ರಿ ಮಾಸ್ಟರ್, ಪಗಾರದಾಗ ಹಿಡಿಯಲ್ಲ" ಅಂದರಂತೆ.

ನಾನು ಬೈಗುಳವೇ ಚುಚ್ಚಿರಬೇಕು ಅಂದುಕೊಂಡೆ. ಅಲ್ಲ. "ಬೈದಿದ್ದು ಬೈದ್ರು. ನಾ ತಪ್ಪು ಮಾಡಿದ್ದೆ. ಆದ್ರ ರೊಕ್ಕ ಯಾಕ ಬಿಡಬೇಕು? ನಾ ಏನು ಭಿಕ್ಷೆ ಬೇಡಿದ್ನಾ?" ಇದನ್ನು ಹೇಳುವಾಗ ಮಾತ್ರ ಅವರ ದನಿ ನಡುಗಿತು.

ಎರಡನೇ ಸಲ ಬಂದಾಗ ಮನಸ್ಸಿನ ಸುದ್ದಿ ಎತ್ತಲೇ ಇಲ್ಲ. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನಾಯ್ತು, ಯಾರು ಏನು ಮಾಡಿದರು, ಅಷ್ಟೇ ಹೇಳಿ ಅಂದೆ. ಒಗ್ಗರಣೆ ಅಂಗಡಿಯವನು ಕೇಳದೇ ಇನ್ನೊಂದು ಮಿರ್ಚಿ ಹಾಕಿದ್ದ. ಅದನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಯೂನಿಟ್‌ನಲ್ಲಿ ಒಬ್ಬ ಹುಡುಗ ಫ್ಯಾನನ್ನು ಇವರ ಕಡೆ ತಿರುಗಿಸಿದ. "ನನಗೇನು ವಯಸ್ಸಾಗೈತೇನು?" ಅಂತ ವಾಪಸ್ ತಿರುಗಿಸಿದರು. ಮಧ್ಯಾಹ್ನ ಊಟಕ್ಕೆ ಹೊರಟಾಗ ಪಕ್ಕದ ಮನೆಯವರು ಬೈಕ್ ನಿಲ್ಲಿಸಿ ಹತ್ತಿ ಅಂದರು. ಹತ್ತಲಿಲ್ಲ.

"ನಡೆದು ಹೋದ್ರಾ? ಆ ಬಿಸಿಲಲ್ಲಿ?"

"ಮತ್ತೇನ್ರಿ. ಅವರ ಹಂಗು ಯಾಕೆ?"

ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಈ ಉತ್ತರದ ತೂಕ ಗೊತ್ತಾಗುತ್ತೆ. ಡಾಂಬರು ಚಪ್ಪಲಿಗೆ ಅಂಟುವ ಹೊತ್ತು ಅದು.

ಹಂಗು. ನಮ್ಮ ಕಡೆಯ ಸ್ವಾಭಿಮಾನವೆಲ್ಲ ಈ ಎರಡಕ್ಷರದಲ್ಲಿ ನಿಂತಿದೆ ಅನ್ನಿಸುತ್ತೆ. ಅದು ಕೆಟ್ಟ ಗುಣ ಅಂತ ನಾನು ಹೇಳಲ್ಲ. ಯಾರ ಹಂಗೂ ಬೇಡ ಅಂದುಕೊಂಡೇ ಎಷ್ಟೋ ಜನ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಮೂಡು ಕೆಟ್ಟಾಗ ಅದು ಒಳಗಿನಿಂದ ಹಾಕಿದ ಚಿಲಕ ಆಗಿಬಿಡುತ್ತೆ. ದಿನಕ್ಕೆ ನಾಲ್ಕು ಸಲ ಯಾರೋ ಬಂದು ಬಾಗಿಲು ಬಡಿಯುತ್ತಿದ್ದರು, ಮಾಸ್ಟರ್ ನಾಲ್ಕು ಸಲವೂ ತೆಗೆಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು 'ನನಗ್ಯಾರೂ ಇಲ್ಲ' ಅಂತ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಯಾರು ಏನು ಸಣ್ಣ ಉಪಕಾರ ಮಾಡಿದರೂ ದಿನಾ ಬರೆದಿಡಿ ಅಂತ ಒಂದು ನೋಟ್‌ಬುಕ್ ಕೊಟ್ಟೆ. ಹಲವರಿಗೆ ಇದು ಕೆಲಸ ಮಾಡುತ್ತೆ, ನಾನೂ ಕಣ್ಣುಮುಚ್ಚಿ ಕೊಟ್ಟುಬಿಟ್ಟೆ. ಮುಂದಿನ ವಾರ ಮಾಸ್ಟರ್ ನೋಟ್‌ಬುಕ್ ತಂದರು. ಹಾಳೆಯ ನಡುವೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದಿದ್ದರು. ಎಡಗಡೆ ಹೆಸರು, ಬಲಗಡೆ ಮೊತ್ತ.

'ಚಾ – 10. ಬಾಕಿ.'
'ಮಿರ್ಚಿ 1 – 10. ಕೊಟ್ಟಿದೆ.'
'ಬೈಕ್ – ಪೆಟ್ರೋಲ್ ಅಂದಾಜು 8. ಬಾಕಿ.'

ಪಕ್ಕಾ ಉದ್ರಿ ಪುಸ್ತಕ! ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮೂರನೇ ಭೇಟಿಯಲ್ಲಿ ಮೊದಲ ನಗು, ಅದೂ ನನ್ನ ತಪ್ಪಿನಿಂದ.

ಆಮೇಲೆ ಒಂದು ಪ್ರಯೋಗದ ವಿಷಯ ಹೇಳಿದೆ. ಅಮೆರಿಕದಲ್ಲಿ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಇಬ್ಬರು 2022ರಲ್ಲಿ ಪ್ರಕಟಿಸಿದ್ದು. ಶಿಕಾಗೋ ಚಳಿಯಲ್ಲಿ, ಹಿಮದ ಮೇಲೆ ಜಾರುವ ಆಟದ ಜಾಗದಲ್ಲಿ, ಕೆಲವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟು, ಇದನ್ನು ನೀವೇ ಇಟ್ಟುಕೊಳ್ಳಬಹುದು, ಇಲ್ಲಾ ಗೊತ್ತಿಲ್ಲದ ಯಾರಿಗಾದರೂ ಕೊಡಬಹುದು ಅಂದರು. ಕೊಟ್ಟವರು 'ಒಂದು ಲೋಟ ತಾನೇ, ಏನು ಮಹಾ' ಅಂದುಕೊಂಡಿದ್ದರು. ಪಡೆದವರಿಗೆ ಆದ ಖುಷಿ ಅವರು ಎಣಿಸಿದ್ದಕ್ಕಿಂತ ಜಾಸ್ತಿ. ಕೊಡುವವರ ಕಣ್ಣು ಲೋಟದ ಮೇಲಿರುತ್ತೆ. ತೆಗೆದುಕೊಳ್ಳುವವರಿಗೆ ಒಬ್ಬರು ತಮ್ಮನ್ನು ನೆನೆದರಲ್ಲ ಅನ್ನೋದೇ ದೊಡ್ಡದು.

"ಇದಕ್ಕೂ ಸಂಶೋಧನೆ ಮಾಡ್ತಾರೇನ್ರಿ?" ಅಂದರು ಮಾಸ್ಟರ್. ಬೆವರು ಒರೆಸಿಕೊಳ್ಳುತ್ತಾ ಬಿಸಿ ಚಾಕೊಲೇಟ್ ಕಥೆ ಕೇಳೋದು ನಿಜಕ್ಕೂ ತಮಾಷೆಯೇ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಫ್ಯಾನ್ ತಿರುಗ್ಸಿದಾಗ ಅವನ ಬೆನ್ನು ಪೂರ್ತಿ ತೊಯ್ದಿತ್ತು" ಅಂದರು. ಮೂರು ವಾರ ಯಾರ ಬೆನ್ನನ್ನೂ ಅವರು ನೋಡಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಹತ್ತು ದಿನ ಯಾರೇ ಸಣ್ಣದೇನು ಕೊಟ್ಟರೂ ಬೇಡ ಅನ್ನಬಾರದು. ಸಣ್ಣದು ಮಾತ್ರ. ಸಾಲ ಕೊಡ್ತೀನಿ ಅಂದವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎರಡನೆಯದು, ಅದನ್ನು ಅವತ್ತೇ ತೀರಿಸಬಾರದು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಚಾ ಕುಡಿಸಿದವನಿಗೆ ತಿರುಗಿ ಚಾ ಕುಡಿಸುವವರೆಗೆ ಕೈ ತುರಿಸುತ್ತಿತ್ತಂತೆ. ಆ ತುರಿಕೆಯನ್ನು ಒಂದು ದಿನ ತಡೆದುಕೊಳ್ಳಿ ಅಂದೆ. ಇನ್ನೊಂದು, ಬಾಯಿಬಿಟ್ಟು ಏನಾದರೂ ಹೇಳಬೇಕು. ಧನ್ಯವಾದ ಬೇಡ. ನಮ್ಮ ಕಡೆ ಮನೆಯವರಿಗೆ, ಗೆಳೆಯರಿಗೆ ಧನ್ಯವಾದ ಹೇಳಿದರೆ 'ಏನಾತು ಇವನಿಗೆ?' ಅಂತ ಹಣೆ ಮುಟ್ಟಿ ನೋಡುತ್ತಾರೆ, ಅಲ್ವಾ? ಅದರ ಬದಲು ಆ ಕೆಲಸದ ಬಗ್ಗೆಯೇ ಒಂದು ಮಾತು. 'ಗಾಳಿ ಚಲೋ ಬಂತಲೇ.' 'ಬಿಸಿಲಾಗ ನೀ ಸಿಕ್ಕಿದ್ದು ಚಲೋ ಆತು ನೋಡು.' ಸಾಕು.

ತಿರುಗಿ ಉಪಕಾರ ಮಾಡಲೇಬೇಕು ಅನ್ನಿಸಿದರೆ? ಕೊಟ್ಟವರಿಗೇ ಅಲ್ಲ, ಬೇರೆ ಯಾರಿಗಾದರೂ ಮಾಡಿ ಅಂದೆ. ಆಗ ಅದು ವಾಪಸಾತಿ ಆಗಲ್ಲ.

ಮತ್ತೆ, ಕಣ್ಣು. ಹೆಂಡತಿಯ ಪ್ರಕಾರ ಮಾಸ್ಟರ್ ವರ್ಷದಿಂದ ಪೇಪರನ್ನು ಮಾರುದೂರ ಹಿಡಿದೇ ಓದುತ್ತಿದ್ದರು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ಬರುತ್ತೆ, ಹತ್ತಿರದ ಅಕ್ಷರ ಮಸುಕಾಗುತ್ತೆ. ಆ ಕನ್ನಡಕಕ್ಕೆ ಚಾಳೀಸು ಅನ್ನುವ ಹೆಸರೇ ಚಾಲೀಸ್‌ನಿಂದ ಬಂದಿದ್ದು. ಹುಡುಗರು ನಗ್ತಾರೆ ಅಂತ ಇವರು ಮಾಡಿಸಿಕೊಂಡಿರಲಿಲ್ಲ. 38 ಅನ್ನೋದು 36 ಆಗಿದ್ದಕ್ಕೆ ಆಪ್ತಸಲಹೆ ಔಷಧ ಅಲ್ಲ, ಮೊದಲು ಕಣ್ಣು ತೋರಿಸಿ ಅಂದೆ. ಬಹುಶಃ ನಾನು ಕೊಟ್ಟ ಸಲಹೆಗಳಲ್ಲಿ ಎಲ್ಲಕ್ಕಿಂತ ಉಪಯೋಗವಾದದ್ದು ಇದೇ.

ಓದುವವರಿಗೆ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗೇ ಇದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ನಿದ್ದೆ ಊಟ ಕೆಟ್ಟರೆ, ಸಾಯುವ ಯೋಚನೆ ಬಂದರೆ ಚಾ-ಮಿರ್ಚಿಯಿಂದ ಸರಿಹೋಗುತ್ತೆ ಅಂತ ಕಾಯಬೇಡಿ. ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಾಲ್ಕನೇ ಸಲ ಮಾಸ್ಟರ್ ಒಬ್ಬರೇ ಬಂದರು. ಅಂಗಿ ಜೇಬಿನಲ್ಲಿ ಚಾಳೀಸು. ಹುಡುಗರು ನಕ್ಕರಂತೆ, ಒಂದೇ ದಿನ. ಬೈಕ್ ಹತ್ತುತ್ತಿದ್ದಾರೆ. ಫ್ಯಾನ್ ತಿರುಗಿಸಿದ ಹುಡುಗನಿಗೆ ಪ್ಯಾಟರ್ನ್ ಹಾಕೋದನ್ನು ಕಲಿಸುತ್ತಿದ್ದಾರೆ. ನಾನು 'ಬೇರೆಯವರಿಗೆ' ಅಂದಿದ್ದನ್ನು ಮರೆತಿದ್ದರು, ನಾನೂ ನೆನಪಿಸಲಿಲ್ಲ. ಮಾಲೀಕರ ಜೊತೆ ಇನ್ನೂ ಬಿಗಿಯೇ. ಆ ರೊಕ್ಕದ ಮಾತು ಈಗಲೂ ಗಂಟಲಲ್ಲಿದೆ. ಇರಲಿ. ಉಪ್ಪು ಕಮ್ಮಿ ಅಂತ ಈಗಲೂ ಹೇಳುತ್ತಾರೆ, ಆದರೆ ತಾಟು ಸರಿಸಲ್ಲ. ಇದು ಹೆಂಡತಿ ಫೋನಿನಲ್ಲಿ ಹೇಳಿದ್ದು.

ಎದ್ದು ಹೊರಡುವಾಗ ಮತ್ತೆ ನನ್ನ ಬ್ಯಾಗ್ ಕಡೆ ನೋಡಿದರು. ಜಿಪ್ಪು ಕೆಟ್ಟು ತಿಂಗಳಾಗಿತ್ತು, ಪಿನ್ ಹಾಕಿಕೊಂಡು ಓಡಾಡುತ್ತಿದ್ದೆ. "ಮೊದಲ ದಿನದಿಂದ ನೋಡಾಕತ್ತೀನಿ" ಅನ್ನುತ್ತಾ ಚಾಳೀಸು ಏರಿಸಿ ಕೂತರು. ಜೇಬಿನಿಂದ ಒಂದು ರನ್ನರ್ ತೆಗೆದರು. ಮನೆಯಿಂದಲೇ ತಂದಿದ್ದರು. ಹಳೆಯದನ್ನು ಕಿತ್ತು, ಹಲ್ಲಿಗೆ ಹಲ್ಲು ಕೂಡಿಸಿ, ಎರಡು ಸಲ ಎಳೆದು ನೋಡಿದರು.

"ಅಯ್ಯೋ ಬೇಡ ಬಿಡಿ ಮಾಸ್ಟರ್, ಎಷ್ಟಾಯ್ತು ಹೇಳಿ" ಅಂದುಬಿಟ್ಟೆ. ಕೈ ಆಗಲೇ ಪರ್ಸಿಗೆ ಹೋಗಿತ್ತು.

ಮಾಸ್ಟರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬುಕ್‌ನಾಗ ಬರ್ಕಳ್ರಿ ಮೇಡಂ" ಅಂದರು.