ಟ್ರಾಟ್‌ನಲ್ಲಿ ರಿಕಾಪು ಜಾರಿದರೆ

ಪ್ರಶ್ನೆ: ಕುದುರೆ ಸವಾರಿ ಕಲಿಯುತ್ತಿದ್ದೇನೆ. ಟ್ರಾಟ್ (ಕುದುರೆಯ ಕುಲುಕು ಓಟ) ಶುರುವಾದರೆ ಸಾಕು, ಮೈ ಪುಟಿದು ಕಾಲು ರಿಕಾಪಿನಿಂದ (ಪಾದ ಇಡಲು ಜೀನಿನಿಂದ ತೂಗುವ ಬಳೆ) ಜಾರುತ್ತದೆ. ಮೊಣಕಾಲು ಬಿಗಿ ಹಿಡಿದರೂ ಅಷ್ಟೇ. – ಓದುಗರು, ಧಾರವಾಡ

ಉತ್ತರ: ಬಿಗಿ ಹಿಡಿಯುವುದೇ ಎಡವಟ್ಟು. ಮೊಣಕಾಲು ಒತ್ತಿದಷ್ಟೂ ನೀವು ಜೀನಿನಿಂದ ಮೇಲೇಳುತ್ತೀರಿ, ಪಾದದ ಭಾರ ರಿಕಾಪಿಗೆ ಇಳಿಯುವುದಿಲ್ಲ. ಮೊದಲು ರಿಕಾಪಿನ ಪಟ್ಟಿಯ ಉದ್ದ ನೋಡಿ: ಕೂತು ಕಾಲು ಇಳಿಬಿಟ್ಟಾಗ ರಿಕಾಪಿನ ತಳ ಪಾದದ ಕೀಲಿನ ಗಂಟಿಗೆ ತಾಗಬೇಕು. ಇನ್ನೂ ಕೆಳಗಿದ್ದರೆ ತುದಿಗಾಲಲ್ಲಿ ಹುಡುಕುತ್ತೀರಿ, ಜಾರುವುದು ಅಲ್ಲೇ. ಪಾದದ ಅಗಲ ಭಾಗ ರಿಕಾಪಿನ ಮೇಲೆ, ಹಿಮ್ಮಡಿ ತುಸು ಕೆಳಗೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ. ತರಬೇತುದಾರರು ಕುದುರೆಯನ್ನು ಉದ್ದ ಹಗ್ಗದಲ್ಲಿ ಹಿಡಿದಿರಲಿ. ನೀವು ರಿಕಾಪು ಬಿಟ್ಟು 10 ನಿಮಿಷ ಬರೀ ನಡಿಗೆಯಲ್ಲಿ ಕೂರಿ. ಲಗಾಮಿಗೆ ಜೋತುಬೀಳಬೇಡಿ, ಪಾಪ, ಕುದುರೆಯ ಬಾಯಿ ನೋಯುತ್ತದೆ. ಅಂದಹಾಗೆ, ಮಳೆ ಬಿದ್ದ ಎರಿ ನೆಲದಲ್ಲಿ ಟ್ರಾಟ್ ಬೇಡವೇ ಬೇಡ. ಆ ಜಿಗುಟು ಮಣ್ಣು ಲಾಳವನ್ನೇ ಕಿತ್ತೀತು.